ತೂಕದ ಚಾರ್ಟ್ ಮಾರ್ಕ್ಸ್ ಕಾರ್ಡ್ ಅಲ್ಲ

14 ತಿಂಗಳ ಹುಡುಗಿ. ತೂಕ 8.3 ಕೆಜಿ. ಚಾರ್ಟ್‌ನಲ್ಲಿ ಚುಕ್ಕೆ ಇಟ್ಟು "15ನೇ ಪರ್ಸೆಂಟೈಲ್ ಗೆರೆ ಮೇಲಿದ್ದಾಳೆ, ಚೆನ್ನಾಗಿದ್ದಾಳಮ್ಮ" ಅಂದೆ. ತಾಯಿಯ ಕಣ್ಣಲ್ಲಿ ನೀರು ಬಂತು. "ನೂರಕ್ಕೆ ಹದಿನೈದೇನಾ ಡಾಕ್ಟ್ರೇ? ನಮ್ಮಕ್ಕನ ಮಗ ಇವಳಿಗಿಂತ 12 ದಿನ ದೊಡ್ಡವನು ಅಷ್ಟೇ, ಆಗಲೇ ಹತ್ತು ಕೆಜಿ ಹತ್ತಿರ ಇದ್ದಾನೆ." ಅಕ್ಕ ಅಂದರೆ ವಾರಗಿತ್ತಿ. ಎಲ್ಲರೂ ಒಂದೇ ಮನೆಯಲ್ಲಿದ್ದಾರೆ, ಬಂದವರೆಲ್ಲ ಎರಡು ಮಕ್ಕಳನ್ನೂ ಪಕ್ಕಪಕ್ಕ ಕೂರಿಸಿ ನೋಡುತ್ತಾರೆ.

ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಅದು ಅಂಕ ಅಲ್ಲ. ಆರೋಗ್ಯವಾಗಿರುವ, ಅದೇ ವಯಸ್ಸಿನ 100 ಹೆಣ್ಣುಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಇವಳು ಹಗುರದ ತುದಿಯಿಂದ 15ನೆಯವಳು. ಸಾಲಿನಲ್ಲಿರುವವರೆಲ್ಲ ಆರೋಗ್ಯವಂತರೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಚಾರ್ಟ್ ತಂದಾಗ ಆರು ದೇಶಗಳ ಮಕ್ಕಳನ್ನು ಅಳೆದಿತ್ತು, ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಎದೆಹಾಲು ಕುಡಿದು ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳನ್ನೇ ಆರಿಸಿದ್ದರು. ಅವರಲ್ಲೂ ಸಣ್ಣಗಿನವರಿದ್ದರು, ದುಂಡಗಿನವರಿದ್ದರು. ಇನ್ನು ಗಂಡುಮಕ್ಕಳ ಚಾರ್ಟೇ ಬೇರೆ, ಅಲ್ವಾ?

ನಾನು ಬರೀ ಇವತ್ತಿನ ಚುಕ್ಕೆ ನೋಡುವುದಿಲ್ಲ, ಹಿಂದಿನ ಚುಕ್ಕೆಗಳ ಜೊತೆ ಸೇರಿಸಿ ನೋಡುತ್ತೇನೆ. ಹುಟ್ಟಿದಾಗ 2.8, ಆರು ತಿಂಗಳಿಗೆ 6.4, ವರ್ಷಕ್ಕೆ 7.9. ಒಮ್ಮೆಯೂ ತನ್ನ ಗೆರೆ ಬಿಟ್ಟಿಲ್ಲ. ಅಪ್ಪ ಅಮ್ಮ ಇಬ್ಬರೂ ಸಣ್ಣ ಆಳು. ಇಂಥ ಮಗುವಿಗೆ ಮನೆಯವರು ಮೊಬೈಲ್ ತೋರಿಸಿ, ಕೈ ಹಿಡಿದು ರಾಗಿ ಸರಿ ತುರುಕಿದ್ದಾರೆ. ಈಗ ಚಮಚ ಕಂಡರೆ ತಲೆ ತಿರುಗಿಸುತ್ತಾಳೆ. ನನಗೆ ಸಿಟ್ಟು ಬರುವುದು ಇಲ್ಲೇ, ಆದರೆ ಆ ತಾಯಿಯ ಮೇಲಲ್ಲ, ದಿನಾ ಹೋಲಿಸಿ ಹೋಲಿಸಿ ಅವಳ ನಿದ್ದೆ ಕೆಡಿಸಿದವರ ಮೇಲೆ.

ಆ ಹುಡುಗನನ್ನೂ ಕರೆತನ್ನಿ, ತಾಯಿ ಕಾರ್ಡ್ ಮರೆಯಬೇಡಿ ಅಂದೆ. ಬಂದ. 9 ತಿಂಗಳಿಗೆ 9.8 ಕೆಜಿ ಇದ್ದವನು ಈಗ 9.9. ಐದು ತಿಂಗಳಲ್ಲಿ 100 ಗ್ರಾಂ! ಮುಖ ಬಿಳಿಚಿಕೊಂಡಿತ್ತು. ಕೇಳಿದರೆ ದಿನಕ್ಕೆ ಒಂದು ಲೀಟರ್ ಹಸುವಿನ ಹಾಲು, ಊಟ ಮುಟ್ಟುವುದಿಲ್ಲ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಹೊಟ್ಟೆ ಅದರಲ್ಲೇ ತುಂಬಿದರೆ ಬೇರೇನೂ ಒಳಗೆ ಹೋಗುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು, ರಕ್ತಹೀನತೆ. ತಂಗಿಯ ಪಕ್ಕ ದುಂಡಗೆ ಕಾಣುತ್ತಿದ್ದನಲ್ಲ, ಇವನ ತೂಕ ನಿಂತೇಹೋಗಿದೆ ಅಂತ ಯಾರಿಗೂ ಹೊಳೆಯಲಿಲ್ಲ.

ಹಾಗಂತ ತೂಕ ಕಡಿಮೆ ಇದ್ದರೆ ಸುಮ್ನೆ ಇರಿ ಅಂತ ನಾನು ಹೇಳುತ್ತಿಲ್ಲ. 3ನೇ ಪರ್ಸೆಂಟೈಲ್ ಗೆರೆಗಿಂತ ಕೆಳಗಿದ್ದರೆ, ಗೆರೆ ದಾಟಿ ಇಳಿಯುತ್ತಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ ಕೂಡಲೇ ತೋರಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಲೆಕ್ಕ ಬೇರೆ, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಒಂದೊಂದು ಮಗುವನ್ನೂ ನೋಡದೆ ನಾನು ಇಲ್ಲಿಂದ ತೀರ್ಪು ಕೊಡಲಾರೆ.

ಹುಡುಗನಿಗೆ ಐರನ್ ಡ್ರಾಪ್ಸ್ ಶುರುವಾಗಿದೆ, ಹಾಲು ಅರ್ಧಕ್ಕಿಳಿದಿದೆ. ಹುಡುಗಿಗೆ ಟಾನಿಕ್ ಬರೆಯಲಿಲ್ಲ. ತಟ್ಟೆ ಮುಂದಿಡಿ, ಅವಳ ಕೈಯಿಂದಲೇ ತಿನ್ನಲಿ, ಬೇಡ ಅಂದರೆ ಎತ್ತಿಬಿಡಿ ಅಂದೆ. ಮೊನ್ನೆ ಅವಳಮ್ಮ ಫೋನ್ ಮಾಡಿದ್ದರು, ಅರ್ಧ ಇಡ್ಲಿ ತಾನೇ ತಿಂದಳಂತೆ, ಉಳಿದರ್ಧ ನೆಲಕ್ಕೆ.