ಬ್ಯಾಡಗಿಯ ಕೆಂಪನ್ನು ನೀಲಿ ಬೆಳಕಿನಲ್ಲಿ ಅಳೆಯುವುದು ಯಾಕೆ?

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಮುಖ್ಯವಾಗಿ ಬಣ್ಣಕ್ಕೆ. ಮಾರುಕಟ್ಟೆಯಲ್ಲಿ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿಯೇ ಅಂದಾಜು ಮಾಡುತ್ತಾರೆ. ಲ್ಯಾಬಿನಲ್ಲಿ ಅದೇ ಬಣ್ಣಕ್ಕೆ ಒಂದು ಅಂಕಿ ಕೊಡುತ್ತಾರೆ, ಅದರ ಹೆಸರು ಆಸ್ಟಾ ಮೌಲ್ಯ (ಆಸ್ಟಾ ಅಂದರೆ ಅಮೆರಿಕನ್ ಸ್ಪೈಸ್ ಟ್ರೇಡ್ ಅಸೋಸಿಯೇಷನ್). ಅದಕ್ಕಾಗಿ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನ ತರಂಗಾಂತರವನ್ನು 460 ನ್ಯಾನೊಮೀಟರ್‌ಗೆ ಇಡುತ್ತಾರೆ. ಅದು ನೀಲಿ ಬೆಳಕು. ಕೆಂಪು ಕಾಯಿಗೆ ನೀಲಿ ಬೆಳಕು ಯಾಕೆ?

ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಎಂಬ ಬಣ್ಣದ ವಸ್ತುಗಳು, ಅಂದರೆ ಕ್ಯಾರೊಟಿನಾಯ್ಡ್‌ಗಳು. ಇವುಗಳ ಅಣುವಿನಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುವ ಉದ್ದನೆಯ ಸರಪಳಿ ಇದೆ. ಈ ಸರಪಳಿ ಉದ್ದವಾದಷ್ಟೂ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರಲು ಬೇಕಾದ ಶಕ್ತಿ ಕಡಿಮೆಯಾಗುತ್ತದೆ. 460 ನ್ಯಾನೊಮೀಟರಿನ ಒಂದು ಫೋಟಾನ್‌ನಲ್ಲಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ (1240ನ್ನು 460ರಿಂದ ಭಾಗಿಸಿ ನೋಡಿ). ಈ ಅಣುಗಳಿಗೆ ಅಷ್ಟು ಸಾಕು, ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಕೆಂಪು ಬೆಳಕಿನಲ್ಲಿ ಅಷ್ಟು ಶಕ್ತಿ ಇಲ್ಲ, ಅದು ಹಾಗೇ ಹೊರಬರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಉಳಿದ ಬೆಳಕು. ಉಪಕರಣ ಲೆಕ್ಕ ಇಡುವುದು ಹೀರಿಹೋದ ಬೆಳಕನ್ನು.

ಹೀರಿಹೋದ ಬೆಳಕನ್ನು ಲೆಕ್ಕ ಹಾಕುವ ಸೂತ್ರದಲ್ಲಿ ಲಾಗ್ (ಲಾಗರಿದಮ್) ಇರುತ್ತದೆ. ಇನ್ನು ಅದು ಯಾಕೆ ಬಂತು ಅನ್ನುವುದು. ಇಲ್ಲೇ ತುಂಬಾ ಜನ ಸೂತ್ರ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ, ಆದರೆ ಸ್ವಲ್ಪ ನಿಲ್ಲಬೇಕು. ಒಂದು ದ್ರಾವಣದ 1 ಸೆಂಟಿಮೀಟರ್ ದಾಟುವಾಗ ಅರ್ಧ ಬೆಳಕು ಹೋಯಿತು ಅಂದುಕೊಳ್ಳಿ. ಇನ್ನೊಂದು ಸೆಂಟಿಮೀಟರ್ ದಾಟಿದರೆ ಪೂರ್ತಿ ಹೋಗುವುದಿಲ್ಲ, ಉಳಿದದ್ದರಲ್ಲಿ ಅರ್ಧ ಹೋಗುತ್ತದೆ. ಹೊರಬರುವುದು ಶೇ. 50, ಆಮೇಲೆ 25, ಆಮೇಲೆ 12.5. ಈ ಶೇಕಡಾವಾರು ಟ್ರಾನ್ಸ್‌ಮಿಟೆನ್ಸ್. ಅದನ್ನು 100ರಿಂದ ಭಾಗಿಸಿ (0.5, 0.25, 0.125), 10ರ ಆಧಾರದ ಲಾಗ್ ತೆಗೆದು ಮೈನಸ್ ಚಿಹ್ನೆ ಹಾಕಿದರೆ 0.301, 0.602, 0.903 ಸಿಗುತ್ತದೆ. ಪ್ರತಿ ಸಲ ಒಂದೇ ಸಮ ಏರಿತು, ಅಲ್ವಾ? ಅದೇ ಅಬ್ಸಾರ್ಬೆನ್ಸ್. ದಾರಿಯ ಉದ್ದಕ್ಕೆ ಇದು ಅನ್ವಯಿಸುತ್ತದೆ ಎಂದು ಲ್ಯಾಂಬರ್ಟ್ 1760ರಲ್ಲಿ ಹೇಳಿದರು. ಸಾಂದ್ರತೆಗೂ ಅನ್ವಯಿಸುತ್ತದೆ ಎಂದು ಬಿಯರ್ 1852ರಲ್ಲಿ ತೋರಿಸಿದರು. ಆದ್ದರಿಂದ ಅಬ್ಸಾರ್ಬೆನ್ಸ್ ಅಂದರೆ ಮೂರು ಸಂಗತಿಗಳ ಗುಣಲಬ್ಧ: ಆ ತರಂಗಾಂತರದಲ್ಲಿ ಆ ಅಣು ಎಷ್ಟು ಹೀರುತ್ತದೆ, ಬೆಳಕು ಸಾಗುವ ದಾರಿ ಎಷ್ಟು ಉದ್ದ, ಸಾಂದ್ರತೆ ಎಷ್ಟು.

ಈಗ ಮೆಣಸಿನಪುಡಿಗೆ ಬರೋಣ. 70ರಿಂದ 100 ಮಿಲಿಗ್ರಾಂ ಪುಡಿಯನ್ನು ತೂಗಿ, 100 ಮಿಲಿಲೀಟರ್ ಅಸಿಟೋನ್‌ನಲ್ಲಿ ಹಾಕಿ, 16 ಗಂಟೆ ಕತ್ತಲಲ್ಲಿ ಇಡಬೇಕು. ಬೆಳಕಿಗೆ ಇಟ್ಟರೆ ಕ್ಯಾರೊಟಿನಾಯ್ಡ್‌ಗಳು ಕೆಡುತ್ತವೆ. ಬ್ಲ್ಯಾಂಕ್ ಆಗಿ, ಅಂದರೆ ಉಪಕರಣವನ್ನು ಸೊನ್ನೆಗೆ ಹೊಂದಿಸಲು, ನೀರಲ್ಲ, ಅಸಿಟೋನನ್ನೇ ಇಡಿ. ದ್ರಾವಣ ತುಂಬಿ ಉಪಕರಣದಲ್ಲಿ ಇಡುವ ಪುಟ್ಟ ಪಾತ್ರೆ, ಅಂದರೆ ಕ್ಯೂವೆಟ್, ಗಾಜಿನದ್ದೇ ಇರಲಿ, ಅಗ್ಗದ ಪಾಲಿಸ್ಟೈರೀನ್ ಕ್ಯೂವೆಟ್ ಅಸಿಟೋನ್‌ಗೆ ಕರಗುತ್ತದೆ. ಪುಡಿಯ ಕಣ ತೇಲುತ್ತಿದ್ದರೆ ಬೆಳಕು ಚದುರಿ ರೀಡಿಂಗ್ ಸುಮ್ನೆ ಜಾಸ್ತಿ ತೋರಿಸುತ್ತದೆ.

70 ಮಿಲಿಗ್ರಾಂ ಪುಡಿಗೆ ಅಬ್ಸಾರ್ಬೆನ್ಸ್ ರೀಡಿಂಗ್ 0.64 ಬಂತು ಅನ್ನೋಣ. ಅದನ್ನು ಆಸ್ಟಾ ವಿಧಾನದ ಸ್ಥಿರಾಂಕ 16.4ರಿಂದ ಗುಣಿಸಿ, ಗ್ರಾಂ ತೂಕದಿಂದ, ಅಂದರೆ 0.07ರಿಂದ ಭಾಗಿಸಿ. ಸುಮಾರು 150 ಬರುತ್ತದೆ. ಉಪಕರಣದ ತಿದ್ದುಪಡಿ ಅಂಶವೂ ಒಂದು ಇರುತ್ತದೆ, ಇಲ್ಲಿ ಅದನ್ನು 1 ಎಂದು ಹಿಡಿದಿದ್ದೇನೆ. ರೀಡಿಂಗ್ 0.30ರಿಂದ 0.70ರ ಒಳಗೆ ಇರಬೇಕು. ಮೇಲೆ ಹೋದರೆ ತೆಳು ಮಾಡಿ ಮತ್ತೆ ಅಳೆಯಿರಿ. ಅಬ್ಸಾರ್ಬೆನ್ಸ್ 2 ಅಂದರೆ ಡಿಟೆಕ್ಟರ್ ಮುಟ್ಟುವುದು ಶೇ. 1 ಬೆಳಕು ಮಾತ್ರ. ಆಗ ಒಳಗೆ ಚೂರು ದಾರಿ ತಪ್ಪಿದ ಬೆಳಕು ಸೇರಿದರೂ ಲೆಕ್ಕ ಕೆಡುತ್ತದೆ.

ಈ ಅಂಕಿಯಿಂದ ಖಾರ ಎಷ್ಟು ಅಂತ ಹೇಳಬಹುದೇ? ಆಗದು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಖಾರದ ಕ್ಯಾಪ್ಸೈಸಿನ್‌ಗೆ ಬಣ್ಣವೇ ಇಲ್ಲ. ಅದರಲ್ಲಿ ಆ ಉದ್ದದ ಸರಪಳಿ ಇಲ್ಲ, ಇರುವುದು ಒಂದು ಬೆಂಜೀನ್ ಉಂಗುರ. ಅದು ಹೀರುವುದು 280 ನ್ಯಾನೊಮೀಟರ್ ಸುತ್ತಮುತ್ತ, ಅತಿನೇರಳೆಯಲ್ಲಿ. ಅಲ್ಲಿ ಅಸಿಟೋನ್ ಕೂಡ ಬೆಳಕು ನುಂಗುತ್ತದೆ, ಸಾಮಾನ್ಯ ಗಾಜೂ ಬೆಳಕನ್ನು ತಡೆಯುತ್ತದೆ. ಹಾಗಾಗಿ ಎಥನಾಲ್ ಅಥವಾ ಅಸಿಟೋನೈಟ್ರೈಲ್ ಬೇಕು, ಕ್ವಾರ್ಟ್ಜ್ ಬೇಕು, ಅತಿನೇರಳೆ ಬೆಳಕು ಕೊಡುವ ಡ್ಯೂಟೇರಿಯಂ ದೀಪ ಬೇಕು. ಕಾಯಿಯ ಬೇರೆ ಎಷ್ಟೋ ವಸ್ತುಗಳೂ 280ರಲ್ಲೇ ಹೀರುವುದರಿಂದ, ಕ್ಯಾಪ್ಸೈಸಿನನ್ನು ಮೊದಲು ದ್ರಾವಣದ ವಸ್ತುಗಳನ್ನು ಒಂದೊಂದಾಗಿ ಬಿಡಿಸುವ ಉಪಕರಣವಾದ ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸಿ ಆಮೇಲೆ ಅಳೆಯುತ್ತಾರೆ.