ತುನ್ ಡಾ. ಇಸ್ಮಾಯಿಲ್: ಮಲೇಷ್ಯಾದ ವಿದೇಶಾಂಗ ನೀತಿ ಓದುವವರಿಗೆ ಟಿಪ್ಪಣಿ

ತುನ್ ಡಾ. ಇಸ್ಮಾಯಿಲ್ ಮಲೇಷ್ಯಾದ ರಾಜತಾಂತ್ರಿಕ, ಗೃಹ ಸಚಿವ, ಕೊನೆಗೆ ಉಪಪ್ರಧಾನಿ; ‘ತುನ್’ ಎಂಬುದು ಗೌರವ ಬಿರುದು. ಮೊದಲು ಹೆಸರು. ಇವರ ಪೂರ್ಣ ಹೆಸರು ಇಸ್ಮಾಯಿಲ್ ಬಿನ್ ಅಬ್ದುಲ್ ರಹಮಾನ್. ‘ಬಿನ್’ ನಂತರ ಬರುವುದು ತಂದೆಯ ಹೆಸರು, ಮನೆತನದ್ದಲ್ಲ. ಹಾಗಾಗಿ ನೀವು ಬರೆಯುವ ಉತ್ತರದಲ್ಲಿ ‘ರಹಮಾನ್’ ಎಂದಷ್ಟೇ ಬರೆದರೆ ಓದುವವರು ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಎಂದುಕೊಳ್ಳುತ್ತಾರೆ. ತುಂಕು ಕೆಡಾ ರಾಜಮನೆತನದವರು. ಇಸ್ಮಾಯಿಲ್ 1915ರಲ್ಲಿ ಜೊಹೊರ್ ಬಾಹ್ರುವಿನಲ್ಲಿ ಹುಟ್ಟಿದವರು. ಇಬ್ಬರೂ ಅಮ್ನೋ (ಮಲಯ ಜನಾಂಗದವರ ರಾಜಕೀಯ ಪಕ್ಷ) ಪಕ್ಷದವರೇ ಆದ್ದರಿಂದ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ.

ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಊರಿಗೆ ಮರಳಿ ದವಾಖಾನೆ ನಡೆಸಿ, 1950ರ ದಶಕದ ಆರಂಭದಲ್ಲಿ ರಾಜಕೀಯಕ್ಕೆ ಬಂದರು. 1957ರ ಆಗಸ್ಟ್ 31ರಂದು ಮಲಯ ಒಕ್ಕೂಟ ಸ್ವತಂತ್ರವಾಯಿತು. ಸೆಪ್ಟೆಂಬರ್ 17ರಂದು ವಿಶ್ವಸಂಸ್ಥೆಯ 82ನೇ ಸದಸ್ಯ ರಾಷ್ಟ್ರವಾಯಿತು. ಅಮೆರಿಕಕ್ಕೆ ಮೊದಲ ರಾಯಭಾರಿ, ವಿಶ್ವಸಂಸ್ಥೆಗೆ ಮೊದಲ ಕಾಯಂ ಪ್ರತಿನಿಧಿ, ಎರಡೂ ಇಸ್ಮಾಯಿಲ್ ಅವರೇ. ಅಲ್ಲಿಂದ ಅವರು ತುಂಕು ಅವರಿಗೆ ಕಳಿಸುತ್ತಿದ್ದ ಗೋಪ್ಯ ಟಿಪ್ಪಣಿಗಳು ನಂತರ ಪುಸ್ತಕವಾಗಿ ಬಂದಿವೆ. ಹೊಸ ದೇಶವೊಂದು ವಿಶ್ವಸಂಸ್ಥೆಯಲ್ಲಿ ಮತ ಹಾಕುವುದನ್ನು ಹೇಗೆ ಕಲಿಯುತ್ತದೆ ಎಂಬುದಕ್ಕೆ ಅಷ್ಟು ನೇರವಾದ ಆಕರ ಸಿಗುವುದು ಅಪರೂಪ.

ಅವರ ರಾಜತಾಂತ್ರಿಕ ಕೆಲಸವನ್ನೂ ಗೃಹಖಾತೆಯ ಕೆಲಸವನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಓದಬೇಡಿ. ಒಳಗಿನ ಭದ್ರತೆಯ ಹೊಣೆ ಹೊತ್ತಿದ್ದರಿಂದಲೇ ಹೊರಗಿನ ಅಪಾಯ ಎಷ್ಟು ಹತ್ತಿರದ್ದು ಎಂದು ಅವರಿಗೆ ಗೊತ್ತಿತ್ತು. ಇದಕ್ಕೆ 1964 ಒಳ್ಳೆಯ ಉದಾಹರಣೆ. ಮಲಯದ ಜತೆ ಸಿಂಗಾಪುರ, ಸಬಾ, ಸರವಾಕ್ ಸೇರಿ 1963ರಲ್ಲಿ ಆದ ಮಲೇಷ್ಯಾ ರಚನೆಯನ್ನೇ ಒಪ್ಪದ ಇಂಡೋನೇಷ್ಯಾ ಆ ಸೆಪ್ಟೆಂಬರ್ 2ರಂದು ಜೊಹೊರ್‌ನ ಲಾಬಿಸ್ ಬಳಿ ಪ್ಯಾರಾಟ್ರೂಪರ್‌ಗಳನ್ನು ಇಳಿಸಿತು. ಗೃಹ ಸಚಿವರಾಗಿದ್ದ ಇಸ್ಮಾಯಿಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಿ, ವಶಪಡಿಸಿಕೊಂಡ ಆಯುಧಗಳನ್ನೇ ಸಭೆಯ ಮುಂದಿಟ್ಟರು. ದಾಳಿಯನ್ನು ಖಂಡಿಸುವ ಕರಡನ್ನು ನಾರ್ವೆ ಮಂಡಿಸಿತು. ಪರವಾಗಿ 9 ಮತ, ವಿರುದ್ಧ 2.

ಇಲ್ಲಿ ಅನೇಕರು ಎಡವುತ್ತಾರೆ. 9 ಮತ ಬಿತ್ತಲ್ಲ, ನಿರ್ಣಯ ಅಂಗೀಕಾರವಾಯಿತು ಎಂದು ಬರೆಯುತ್ತಾರೆ. ಆಗ ಮಂಡಳಿಯಲ್ಲಿದ್ದವರು 11 ಸದಸ್ಯರು, ಬೇಕಿದ್ದದ್ದು 7 ಮತ. ಆದರೆ ವಿರೋಧಿಸಿದ ಎರಡರಲ್ಲಿ ಒಂದು ಸೋವಿಯತ್ ಒಕ್ಕೂಟ (ಇನ್ನೊಂದು ಜೆಕೊಸ್ಲೊವಾಕಿಯಾ). ಸೋವಿಯತ್ ಒಕ್ಕೂಟ ಕಾಯಂ ಸದಸ್ಯ; ಕಾಯಂ ಸದಸ್ಯರ ಒಂದು ವಿರೋಧ ಮತವೇ ವಿಟೋ, ಅಂದರೆ ತಡೆ. ಆ ಒಂದೇ ವಿಟೋದಿಂದ ಕರಡು ಬಿದ್ದುಹೋಯಿತು. ಹಾಗೆಂದು ಇದನ್ನು ಸೋಲು ಎಂದಷ್ಟೇ ಬರೆಯುವುದೂ ಸರಿಯಲ್ಲ: ಬಹುಮತ ಯಾರ ಕಡೆಗಿದೆ ಎಂಬುದು ದಾಖಲಾಯಿತು.

ಅನಾರೋಗ್ಯದಿಂದ 1967ರಲ್ಲಿ ಸಚಿವ ಸ್ಥಾನ ಬಿಟ್ಟರು. ಅವರ ಅತಿ ದೊಡ್ಡ ಕೊಡುಗೆ ಬಂದದ್ದು ಅದರ ನಂತರ, ಬರೀ ಸಂಸದರಾಗಿದ್ದಾಗ. 1968ರ ಜನವರಿಯಲ್ಲಿ ಬ್ರಿಟನ್ ಸೂಯೆಜ್‌ನ ಪೂರ್ವದಿಂದ (ಮಲೇಷ್ಯಾ, ಸಿಂಗಾಪುರದ ನೆಲೆಗಳೂ ಸೇರಿ) ಸೇನೆ ಹಿಂತೆಗೆಯುವುದಾಗಿ ಘೋಷಿಸಿತು. 1957ರಿಂದ ಬ್ರಿಟನ್ ಜತೆಗಿನ ರಕ್ಷಣಾ ಒಪ್ಪಂದವನ್ನೇ ನಂಬಿದ್ದ ದೇಶಕ್ಕೆ ಅದು ದೊಡ್ಡ ಹೊಡೆತ. ಅದೇ ತಿಂಗಳು ಇಸ್ಮಾಯಿಲ್ ಸಂಸತ್ತಿನಲ್ಲಿ ಭಾಷಣ ಮಾಡಿ ಕೇಳಿದ್ದು ನಾಲ್ಕನ್ನು: ಆಗ್ನೇಯ ಏಷ್ಯಾ ತಟಸ್ಥ ಪ್ರದೇಶವಾಗಬೇಕು, ಚೀನಾ ಸೇರಿದಂತೆ ಮಹಾಶಕ್ತಿಗಳು ಅದಕ್ಕೆ ಖಾತರಿ ಕೊಡಬೇಕು, ನೆರೆಹೊರೆಯವರು ಆಕ್ರಮಣ ಮಾಡದಿರುವ ಒಪ್ಪಂದಕ್ಕೆ ಸಹಿ ಹಾಕಬೇಕು, ಪರಸ್ಪರ ಶಾಂತಿಯುತ ಸಹಬಾಳ್ವೆಯನ್ನು ನೀತಿಯಾಗಿ ಘೋಷಿಸಬೇಕು.

ಇದನ್ನೂ 1971ರ ನವೆಂಬರ್ 27ರ ಕೌಲಾಲಂಪುರ ಘೋಷಣೆಯನ್ನೂ ಒಂದೇ ಎಂದು ಬರೆಯಬೇಡಿ. ಆಸಿಯಾನ್‌ನ (ಆಗ್ನೇಯ ಏಷ್ಯಾ ರಾಷ್ಟ್ರಗಳ ಸಂಘ) ಐದು ದೇಶಗಳು ಒಪ್ಪಿದ್ದು ‘ಶಾಂತಿ, ಸ್ವಾತಂತ್ರ್ಯ, ತಟಸ್ಥತೆಯ ವಲಯ’ಕ್ಕೆ ಪ್ರಯತ್ನಿಸುತ್ತೇವೆ ಎಂಬಷ್ಟಕ್ಕೆ ಮಾತ್ರ. ಫಿಲಿಪೀನ್ಸ್ ಮತ್ತು ಥಾಯ್ಲೆಂಡ್‌ನಲ್ಲಿ ಅಮೆರಿಕದ ಸೇನಾ ನೆಲೆಗಳಿದ್ದವು. ಹೊರಗಿನವರು ಖಾತರಿ ಕೊಡುವುದು ಇಂಡೋನೇಷ್ಯಾಕ್ಕೆ ಹಿಡಿಸಲಿಲ್ಲ. ಹಾಗಾಗಿ ಇಸ್ಮಾಯಿಲ್ ಅವರ ಪ್ರಸ್ತಾವದ ಗಟ್ಟಿ ಭಾಗವಾದ ಖಾತರಿಯೇ ಘೋಷಣೆಯಲ್ಲಿ ಸೇರಲಿಲ್ಲ.

1969ರ ಮೇ 13ರ ಜನಾಂಗೀಯ ಗಲಭೆಯ ನಂತರ ಅವರು ಸರ್ಕಾರಕ್ಕೆ ಮರಳಿದ್ದರು, 1970ರಲ್ಲಿ ಉಪಪ್ರಧಾನಿಯಾಗಿದ್ದರು. ತುಂಕು ನಂತರ ಪ್ರಧಾನಿಯಾದ ಅಬ್ದುಲ್ ರಜಾಕ್ ಕೆನಡಾದಲ್ಲಿದ್ದಾಗ, 1973ರ ಆಗಸ್ಟ್ 2ರಂದು ಇಸ್ಮಾಯಿಲ್ ಹೃದಯಾಘಾತದಿಂದ ತೀರಿಕೊಂಡರು. ಮಲೇಷ್ಯಾ ಚೀನಾದೊಡನೆ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1974ರ ಮೇ 31ರಂದು, ಆಸಿಯಾನ್ ದೇಶಗಳಲ್ಲೇ ಮೊದಲಿಗೆ. 1968ರ ಭಾಷಣದಲ್ಲಿ ಚೀನಾದ ಹೆಸರು ಏಕೆ ಬಂತು ಎಂಬ ಪ್ರಶ್ನೆಗೆ ಉತ್ತರಿಸುವಾಗ ಈ ದಿನಾಂಕವನ್ನೂ ಸೇರಿಸಿ.