ಗೊಬ್ಬರದ ಲೆಕ್ಕ: ಗುಣಿಸಬೇಕಾ, ಭಾಗಿಸಬೇಕಾ?

ಲ್ಯಾಂಡ್‌ಸ್ಕೇಪ್ ಮತ್ತು ತೋಟಗಾರಿಕೆ ಟೆಕ್ನಿಷಿಯನ್ ಕೆಲಸ ಕಲಿಯುತ್ತಿದ್ದೇನೆ. ಗುಣಿ ತೋಡುವುದು, ಪೈಪ್ ಜೋಡಿಸುವುದು ಬೇಗ ಕೈಗೆ ಬಂತು. ಗೊಬ್ಬರದ ಲೆಕ್ಕ ಮಾತ್ರ ಎರಡು ವಾರ ತಲೆ ತಿಂದಿತು. ಮೊನ್ನೆ ಬಿಡಿಸಿಕೊಂಡೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ನಿಮಗೂ ಆಗಬಹುದು. ಕೊನೆಯಲ್ಲಿ ನೀರು, ಸವರುವುದು, ನೆಡುವುದರ ಮಾತೂ ಇದೆ.

ಚೀಲದ ಮೇಲಿನ ಮೂರು ಅಂಕಿ

ಸಾರಜನಕ, ರಂಜಕ, ಪೊಟ್ಯಾಷ್. ಇದೇ ಕ್ರಮ, ತೂಕದ ಶೇಕಡಾ ಲೆಕ್ಕದಲ್ಲಿ. ಯೂರಿಯಾ 46-0-0, ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) 18-46-0, ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) 0-0-60. ಇಷ್ಟು ಬಾಯಿಪಾಠ ಮಾಡಿಬಿಡಿ. ಯೂರಿಯಾದಲ್ಲೂ 46, ಡಿಎಪಿಯಲ್ಲೂ 46 ಇದೆ, ಆದರೆ ಒಂದು ಸಾರಜನಕ, ಇನ್ನೊಂದು ರಂಜಕ. ನಾನು ಇವೆರಡನ್ನು ಅದಲುಬದಲು ಮಾಡಿ ಒಂದು ಇಡೀ ಸಂಜೆ ಕಳೆದಿದ್ದೇನೆ.

ನಾನು ಎಡವಿದ್ದು ಇಲ್ಲಿ

ಪ್ರಶ್ನೆ ಸುಲಭವಾಗಿತ್ತು. 400 ಚದರ ಮೀಟರ್ ಹುಲ್ಲುಹಾಸು. ಚದರ ಮೀಟರಿಗೆ 5 ಗ್ರಾಂ ಸಾರಜನಕ ಕೊಡಬೇಕು. ಯೂರಿಯಾ ಎಷ್ಟು?

400 × 5 = 2,000 ಗ್ರಾಂ, ಅಂದರೆ 2 ಕೆಜಿ ಸಾರಜನಕ. ಇಲ್ಲಿಯವರೆಗೆ ಸರಿ. ಆಮೇಲೆ ನಾನು ಸುಮ್ನೆ 2ನ್ನು 0.46ರಿಂದ ಗುಣಿಸಿ 0.92 ಕೆಜಿ ಎಂದು ಬರೆದೆ. ಶೇಕಡಾ ಅಂದ ತಕ್ಷಣ ಕೈ ಗುಣಿಸಲು ಹೋಗುತ್ತದೆ, ಶಾಲೆಯಿಂದ ಬಂದ ಚಟ. ಮೇಷ್ಟ್ರು ನೋಡಿ ಒಂದೇ ಮಾತು ಕೇಳಿದರು: "ಅಲ್ಲಪ್ಪಾ, ಒಂದು ಕೆಜಿಯೂ ಇಲ್ಲದ ಗೊಬ್ಬರದಿಂದ ಎರಡು ಕೆಜಿ ಸಾರಜನಕ ಹೇಗೆ ತೆಗೀತೀಯ?"

ಉತ್ತರ ಇರಲಿಲ್ಲ.

ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನೂರು ಜನ ಬಂದರೆ ಅದರಲ್ಲಿ 46 ಜನ ಮಾತ್ರ ಕೆಲಸ ಮಾಡುತ್ತಾರೆ ಅಂದುಕೊಳ್ಳಿ. ನಿಮಗೆ ಕೆಲಸ ಮಾಡುವವರೇ 46 ಜನ ಬೇಕು. ಎಷ್ಟು ಜನರನ್ನು ಕರೆಯುತ್ತೀರಿ? ನೂರು. ಅಂದರೆ ಕರೆಯುವ ಲೆಕ್ಕ ಬೇಕಾದ ಲೆಕ್ಕಕ್ಕಿಂತ ಯಾವಾಗಲೂ ಜಾಸ್ತಿ. ಗೊಬ್ಬರವೂ ಹಾಗೇ. ಸಾರಜನಕದ ಜೊತೆ ಬೇರೆಯದೂ ತೂಗುತ್ತದೆ. ಹಾಗಾಗಿ ಭಾಗಿಸಬೇಕು: 2 ÷ 0.46 = 4.35 ಕೆಜಿ ಯೂರಿಯಾ.

ಗುಣಿಸುವುದು ಯಾವಾಗ? ಚೀಲ ಕೈಯಲ್ಲಿದ್ದು, ಅದರಲ್ಲಿ ಪೋಷಕಾಂಶ ಎಷ್ಟಿದೆ ಎಂದು ಕೇಳಿದಾಗ. 50 ಕೆಜಿ ಯೂರಿಯಾದಲ್ಲಿ 50 × 0.46 = 23 ಕೆಜಿ ಸಾರಜನಕ. ಚೀಲದಿಂದ ಪೋಷಕಾಂಶಕ್ಕೆ ಬಂದರೆ ಗುಣಾಕಾರ, ಪೋಷಕಾಂಶದಿಂದ ಚೀಲಕ್ಕೆ ಹೋದರೆ ಭಾಗಾಕಾರ. ಉತ್ತರ ಬಂದ ಮೇಲೆ ಒಮ್ಮೆ ನೋಡಿ: ಗೊಬ್ಬರದ ತೂಕ ಪೋಷಕಾಂಶಕ್ಕಿಂತ ಕಡಿಮೆ ಬಂದಿದ್ದರೆ ತಪ್ಪಾಗಿದೆ ಅಂತಲೇ ಅರ್ಥ.

ನನ್ನ ಅಡ್ಡದಾರಿ

ಪ್ರತಿ ಸಲ ಭಾಗಿಸುವ ಗೋಳು ಬೇಡ ಎಂದು 100ನ್ನು ಆ ಶೇಕಡಾದಿಂದ ಭಾಗಿಸಿ ಇಟ್ಟುಕೊಂಡಿದ್ದೇನೆ. 46ಕ್ಕೆ 2.17. 60ಕ್ಕೆ 1.67. ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟಿನ 16ಕ್ಕೆ 6.25. ಬೇಕಾದ ಪೋಷಕಾಂಶವನ್ನು ಇದರಿಂದ ಗುಣಿಸಿದರೆ ಮುಗಿಯಿತು. ಟೋಪಿಯ ಒಳಗೆ ಬರೆದು ಅಂಟಿಸಿಕೊಂಡಿದ್ದೇನೆ, ನಗಬೇಡಿ.

ಮೂರೂ ಪೋಷಕಾಂಶ ಬೇಕಾದಾಗ ಇದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಉದಾಹರಣೆಗೆ 2 ಕೆಜಿ ಸಾರಜನಕ, 1 ಕೆಜಿ ರಂಜಕ, 1 ಕೆಜಿ ಪೊಟ್ಯಾಷ್ ಬೇಕು. ಡಿಎಪಿಯಿಂದ ಶುರು ಮಾಡಿ, ಯಾಕೆಂದರೆ ಅದರಲ್ಲಿ ಎರಡು ಪೋಷಕಾಂಶ ಇವೆ. ರಂಜಕಕ್ಕೆ 1 × 2.17 = 2.17 ಕೆಜಿ ಡಿಎಪಿ. ಅದರ ಜೊತೆಗೇ 2.17 × 0.18 = 0.39 ಕೆಜಿ ಸಾರಜನಕ ಬಂದುಬಿಟ್ಟಿತು. ಇದನ್ನು ಕಳೆಯಲು ಮರೆಯುವವರು ಬಹಳ. ಉಳಿದದ್ದು 1.61 ಕೆಜಿ. ಅದಕ್ಕೆ ಯೂರಿಯಾ 1.61 × 2.17 = 3.49 ಕೆಜಿ. ಪೊಟ್ಯಾಷಿಗೆ ಎಂಒಪಿ 1.67 ಕೆಜಿ. ಯೂರಿಯಾದಿಂದ ಶುರು ಮಾಡಿದರೆ ಆಮೇಲೆ ಡಿಎಪಿ ಹಾಕುವಾಗ ಸಾರಜನಕ ಮಿತಿ ಮೀರುತ್ತದೆ, ಹಿಂದೆ ಬಂದು ಮತ್ತೆ ಲೆಕ್ಕ ಮಾಡಬೇಕು.

ಇನ್ನೊಂದು ಗುಂಡಿ: ಚೀಲದ ಮೇಲಿನ ರಂಜಕ ಬರೀ ರಂಜಕ ಅಲ್ಲ, ಅದು ಆಮ್ಲಜನಕ ಸೇರಿದ ಆಕ್ಸೈಡ್ ರೂಪದ ಲೆಕ್ಕ. ಪೊಟ್ಯಾಷ್ ಕೂಡ ಹಾಗೇ. ಹಳೇ ರೂಢಿ, ಇನ್ನೂ ಬಿಟ್ಟಿಲ್ಲ. ಮಣ್ಣು ಪರೀಕ್ಷೆಯ ವರದಿಯ ಶಿಫಾರಸು ಬರೀ ರಂಜಕದ ಲೆಕ್ಕದಲ್ಲಿದ್ದರೆ 2.29ರಿಂದ, ಬರೀ ಪೊಟ್ಯಾಸಿಯಂ ಲೆಕ್ಕದಲ್ಲಿದ್ದರೆ 1.2ರಿಂದ ಗುಣಿಸಿಕೊಂಡು ಆಮೇಲೆ ಚೀಲದ ಲೆಕ್ಕಕ್ಕೆ ಹೋಗಿ.

ಕಾಗದದಿಂದ ನೆಲಕ್ಕೆ

4.35 ಕೆಜಿ ಯೂರಿಯಾ 400 ಚದರ ಮೀಟರಿಗೆ ಅಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ 11 ಗ್ರಾಂ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಪ್ಪು ಟಾರ್ಪಾಲಿನ್ ಹಾಸಿ, 11 ಗ್ರಾಂ ತೂಗಿ ಅದರ ಮೇಲೆ ಎರಚಿ ನೋಡಿದೆ. ಬಿಳಿ ಕಾಳುಗಳು ಅಲ್ಲೊಂದು ಇಲ್ಲೊಂದು. ಇಷ್ಟೇನಾ ಅನಿಸಿತು. ಅಂದಾಜಿನಲ್ಲಿ ಎರಚುವಾಗ ಕೈ ಎಷ್ಟು ಜಾಸ್ತಿ ಬಿಡುತ್ತದೆ ಅಂತ ಆಗ ಗೊತ್ತಾಯಿತು. ಒಂದೇ ಕಡೆ ಜಾಸ್ತಿ ಬಿದ್ದರೆ ಹುಲ್ಲು ಸುಟ್ಟು ಕಂದು ಪಟ್ಟೆ ಏಳುತ್ತದೆ. ಅರ್ಧ ಗೊಬ್ಬರ ಉದ್ದಕ್ಕೆ, ಇನ್ನರ್ಧ ಅಡ್ಡಕ್ಕೆ ಎರಚಿ. ಹುಲ್ಲಿನ ಎಲೆ ಒದ್ದೆ ಇಲ್ಲದಾಗ ಎರಚಿ ಕೂಡಲೇ ನೀರು ಬಿಡಿ. ಯೂರಿಯಾ ಮೇಲೆಯೇ ಕೂತರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ನೀರು

ಇಲ್ಲಿ ನೆನಪಿಡಬೇಕಾದ್ದು ಒಂದೇ: ಒಂದು ಚದರ ಮೀಟರ್ ಮೇಲೆ 1 ಮಿಮೀ ನೀರು ಅಂದರೆ 1 ಲೀಟರ್. ಸ್ಪ್ರಿಂಕ್ಲರ್ ಕೆಳಗೆ ನೆಟ್ಟಗಿನ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು 15 ನಿಮಿಷ ಓಡಿಸಿ. ಸರಾಸರಿ 4 ಮಿಮೀ ನಿಂತರೆ ಗಂಟೆಗೆ 16. ಹುಲ್ಲಿಗೆ 12 ಮಿಮೀ ಬೇಕಿದ್ದರೆ 45 ನಿಮಿಷ.

ಸವರುವುದು, ನೆಡುವುದು

ದಪ್ಪ ಕೊಂಬೆಗೆ ಮೂರು ಕೊಯ್ತ. ಮೊದಲು ಕೊಂಬೆ ಕಾಂಡಕ್ಕೆ ಸೇರುವ ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಕಚ್ಚು, ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಕೊನೆಗೆ ಆ ಬುಡದಲ್ಲಿ ಬಳೆಯಂತೆ ಉಬ್ಬಿದ ಭಾಗದ ಹೊರಗೆ ಕೊಯ್ಯಿರಿ. ಬಳೆಗೆ ಗರಗಸ ತಾಗಬಾರದು. ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶೈಗೋ ಮರಗಳನ್ನು ಉದ್ದುದ್ದ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಗಾಯವನ್ನು ವಾಸಿ ಮಾಡುವುದಿಲ್ಲ, ಗೋಡೆ ಕಟ್ಟಿ ಮುಚ್ಚುತ್ತದೆ. ಗಾಯಕ್ಕೆ ಬಣ್ಣ ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ.

ಗುಣಿ ಅಗಲ ಇರಲಿ, ಬೇರುಂಡೆಯ ಎರಡು ಮೂರು ಪಟ್ಟು. ಆಳ ಮಾತ್ರ ಉಂಡೆಯಷ್ಟೇ. ಗುಣಿಯ ಬಾಯಿಗೆ ಅಡ್ಡ ಕೋಲಿಟ್ಟು ನೋಡಿ: ಕಾಂಡ ಬೇರಾಗಿ ಅಗಲವಾಗುವ ಜಾಗ ಕೋಲಿನ ಮಟ್ಟಕ್ಕೋ ಒಂದು ಬೆರಳು ಮೇಲಕ್ಕೋ ಇರಬೇಕು. ಕೆಳಗೆ ಹೋಗಿದ್ದರೆ ಗಿಡ ಎತ್ತಿ, ಅಡಿಗೆ ಮಣ್ಣು ಹಾಕಿ ತುಳಿದು, ಮತ್ತೆ ಇಡಿ.